ಬೀರು ಖಾಲಿ ಮಾಡಿದ ಭಾನುವಾರ

ಅಳಿಯನ ಫೋನು ಬಂದಾಗ ಅಜ್ಜಿ ದಿಂಬಿನ ಕವರುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮನೆಯಲ್ಲಿ ಇರುವುದು ಅವಳೊಬ್ಬಳೇ, ತಲೆಗೆ ಬೇಕಾದ್ದು ಒಂದೇ ದಿಂಬು. ಆದರೂ ವಾರಕ್ಕೊಮ್ಮೆ ಕಪಾಟಿನಲ್ಲಿದ್ದ ಕವರುಗಳನ್ನೆಲ್ಲ ತೆಗೆದು, ಒಗೆದು, ಇಸ್ತ್ರಿ ಹಾಕಿ, ಮತ್ತೆ ಮಡಚಿಡದಿದ್ದರೆ ಅವಳಿಗೆ ಕೈಯಲ್ಲಿ ಏನೋ ಬಿಟ್ಟುಹೋದ ಹಾಗೆ ಆಗುತ್ತಿತ್ತು.

"ಅತ್ತೆ, ಈ ಭಾನುವಾರ ಮಕ್ಕಳನ್ನ ಎಲ್ಲಾದ್ರೂ ಕರ್ಕೊಂಡು ಹೋಗೋಕಾಗುತ್ತಾ? ಬೆಳಗ್ಗೆ ಹೋಗಿ ಸಾಯಂಕಾಲ ಬಂದ್ರೆ ಸಾಕು."

"ಆಗುತ್ತೆ."

"ಯಾಕೆ ಅಂತ ಕೇಳಲ್ವಾ?"

"ಯಾಕಪ್ಪ?"

"ಬೀರು ಖಾಲಿ ಮಾಡೋಣ ಅಂತ. ಅಕ್ಕ ಕಾರು ತರ್ತೀನಿ ಅಂದಿದಾಳೆ. ಅವಳ ಬಟ್ಟೆ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ. ಮಕ್ಕಳ ಎದುರಿಗೆ ಬೇಡ ಅನ್ನಿಸ್ತು."

"ಸರಿ," ಎಂದಳು ಅಜ್ಜಿ. ಫೋನಿಟ್ಟು, ಇಸ್ತ್ರಿಪೆಟ್ಟಿಗೆಯ ಅಡಿಯನ್ನು ಬರಿಗೈಯಿಂದ ಮುಟ್ಟಿ ಕಾವು ನೋಡಿ, ಇನ್ನೊಂದು ಕವರು ಎಳೆದುಕೊಂಡಳು. ಅವನು 'ಅವಳು' ಅಂದದ್ದು ಅಜ್ಜಿಯ ಒಬ್ಬಳೇ ಮಗಳನ್ನು. ಆಕೆ ತೀರಿಕೊಂಡು ಆಗ ನಾಲ್ಕು ತಿಂಗಳು.

ಕಾದ ಇಸ್ತ್ರಿಪೆಟ್ಟಿಗೆಯನ್ನು ಬರಿಗೈಲಿ ಮುಟ್ಟುವುದು ನೋಡಿದವರಿಗೆ ಎದೆ ಝಲ್ಲೆನ್ನುವ ಕೆಲಸ. ಅಜ್ಜಿಗೆ ಅದೇನೂ ಅಲ್ಲ. ಹದಿನೇಳನೇ ವಯಸ್ಸಿಗೆ ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದ್ದಳು. ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ. ಉಗಿಯಿಂದ ಕಾದ ಎರಡು ಭಾರಿ ಉರುಳೆಗಳು ಬೆಳಗ್ಗಿನಿಂದ ಸಂಜೆಯವರೆಗೆ ತಿರುಗುತ್ತಿದ್ದವು. ಈ ಕಡೆ ಇಬ್ಬರು ನಿಂತು ಒದ್ದೆ ಹಾಸಿಗೆ ಬಟ್ಟೆಯ ಅಂಚು ಹಿಡಿದು ಉರುಳೆಗೆ ಕೊಡಬೇಕು, ಆ ಕಡೆ ಇಬ್ಬರು ಸುಡುವ ಬಟ್ಟೆಯನ್ನು ಹಿಡಿದೆಳೆದು ಮಡಚಬೇಕು. ಅಜ್ಜಿ ಇಡೀ ನೌಕರಿಯನ್ನು ಆ ಕಡೆಯಲ್ಲೇ ಕಳೆದಳು. ಮೊದಲ ವರ್ಷ ಬೆರಳ ತುದಿಗಳಲ್ಲಿ ಬೊಬ್ಬೆ. ಆಮೇಲೆ ಬೊಬ್ಬೆ ಬರಲಿಲ್ಲ. ಇನ್ನೂ ಆಮೇಲೆ, ಬಿಸಿ ತಣ್ಣಗೆ ಎನ್ನುವುದು ಕೂಡ ಬೆರಳಿಗೆ ಅಷ್ಟಾಗಿ ತಿಳಿಯಲಿಲ್ಲ. ಒಲೆಯ ಮೇಲಿನ ಕುದಿಯುವ ಪಾತ್ರೆಯನ್ನು ಹಾಗೇ ಎತ್ತಿ ಇಳಿಸುತ್ತಿದ್ದಳು. "ನಮ್ಮಮ್ಮನ ಮನೇಲಿ ಇಕ್ಕಳ ಇಲ್ಲ, ನಮ್ಮಮ್ಮನೇ ಇಕ್ಕಳ" ಎಂದು ಮಗಳು ಗೆಳತಿಯರ ಮುಂದೆ ಹೇಳಿ ನಗುತ್ತಿದ್ದಳು.

ಗಂಡ ಅದೇ ಆಸ್ಪತ್ರೆಯ ಗೇಟಿನ ಕಾವಲುಗಾರನಾಗಿದ್ದ. ಮಗಳಿಗೆ ಮೂರು ವರ್ಷ ತುಂಬುವ ಮೊದಲೇ ಎದೆನೋವಿನಲ್ಲಿ ಹೋದ. ಅಜ್ಜಿ ಮಗಳನ್ನು ಕೆಲಸಕ್ಕೆ ಕರೆದೊಯ್ದು, ಒಗೆದ ಟವೆಲ್ಲುಗಳ ರಾಶಿಯ ಮೇಲೆ ಮಲಗಿಸಿ, ಓದಿಸಿ ದೊಡ್ಡವಳನ್ನಾಗಿ ಮಾಡಿದಳು. ಆ ಮಗಳು ಅಂಚೆ ಹಂಚುವ ಕೆಲಸಕ್ಕೆ ಸೇರಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಊರೆಲ್ಲ ಸುತ್ತುವವಳು; ಅವಳ ನಗು ಬೀದಿಯ ಆ ತುದಿಯಲ್ಲಿ ಕೇಳಿದರೆ ಈ ತುದಿಯ ಮನೆಯವರು ಕಾಗದ ಬಂತು ಎಂದು ಬಾಗಿಲು ತೆರೆಯುತ್ತಿದ್ದರು. ಲಿಫ್ಟು ರಿಪೇರಿ ಮಾಡುವವನನ್ನು ಮೆಚ್ಚಿ ಮದುವೆಯಾದಳು. ಎರಡು ಹೆಣ್ಣುಮಕ್ಕಳಾದವು.

ಒಂದು ದಿನ ಹೊಟ್ಟೆ ನೋವು ಎಂದಳು. ಬಿಸಿನೀರು ಕುಡಿದು ಕೆಲಸಕ್ಕೆ ಹೋದಳು. ವಾರ ತುಂಬುವುದರೊಳಗೆ ಅದೇ ದೊಡ್ಡಾಸ್ಪತ್ರೆಯಲ್ಲಿ, ಅಜ್ಜಿ ಬಟ್ಟೆ ಮಡಚುತ್ತಿದ್ದ ಕೋಣೆಗಿಂತ ನಾಲ್ಕು ಮಹಡಿ ಮೇಲೆ, ಕಣ್ಣು ಮುಚ್ಚಿದಳು. ಹೊಟ್ಟೆಯೊಳಗೆ ಎಲ್ಲೋ ತೂತಾಗಿ ವಿಷವೇರಿತ್ತು. ಡಾಕ್ಟರು ಬಂದು ಹೇಳುವಾಗ ಅಜ್ಜಿ ಮಂಚದ ಹಾಸಿಗೆ ಬಟ್ಟೆಯನ್ನು ನೋಡುತ್ತಿದ್ದಳು. ಅದರ ಮಡಿಕೆಯ ಗೀರು ಓರೆಯಾಗಿತ್ತು. ಯಾರೋ ಹೊಸಬರು ಮಡಚಿದ್ದಾರೆ ಎಂದುಕೊಂಡಳು. ಅಷ್ಟೇ ಅವಳ ತಲೆಯಲ್ಲಿ ಬಂದದ್ದು.

ಅವತ್ತು ಅವಳು ಅಳಲಿಲ್ಲ. ಮಣ್ಣಿಗಿಡುವ ದಿನವೂ ಅಳಲಿಲ್ಲ. ಪಕ್ಕದ ಮನೆಯಾಕೆ ಬಂದು, "ಅತ್ತುಬಿಡಿ, ಹಗುರಾಗುತ್ತೆ" ಎಂದು ಹೇಳಿ, ತಾನೇ ಅತ್ತು ಹೋದಳು. ಅಜ್ಜಿ ಅವಳಿಗೆ ಟೀ ಮಾಡಿ ಕೊಟ್ಟಳು. ಆಮೇಲೆ ದಿನಗಳು ಬಂದವು, ಹೋದವು. ಊಟಕ್ಕೆ ರುಚಿ ಇರಲಿಲ್ಲ, ಆದರೆ ಊಟ ಬಿಡಲಿಲ್ಲ. ಮಲಗಿದ ಕೂಡಲೇ ನಿದ್ದೆ ಬರುತ್ತಿತ್ತು. ಮಗಳನ್ನು ಕಳಿಸಿಕೊಟ್ಟ ಚರ್ಚಿಗೆ ಅವಳು ಮತ್ತೆ ಹೋಗಲಿಲ್ಲ. ದೇವರ ಮೇಲೆ ಕೋಪವೇ ಎಂದು ಅಳಿಯ ಕೇಳಿದ. ಇಲ್ಲ ಎಂದಳು. ಅದು ನಿಜವಾಗಿತ್ತು. ಕೋಪ ಬರಲಿಕ್ಕೂ ಒಳಗೆ ಏನಾದರೂ ಇರಬೇಕಲ್ಲ.

ಭಾನುವಾರ ಬೆಳಗ್ಗೆ ಅಜ್ಜಿ ಮಕ್ಕಳ ಮನೆಗೆ ಹೋದಾಗ ಇಬ್ಬರೂ ಬಾಗಿಲಲ್ಲೇ ತಯಾರಾಗಿ ನಿಂತಿದ್ದರು. ದೊಡ್ಡವಳಿಗೆ ಹನ್ನೊಂದು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಅವಳಿಗೆ ಮನೆಯಲ್ಲಿ ಲಾಯರಮ್ಮ ಎಂದು ಹೆಸರು. ಚಿಕ್ಕವಳಿಗೆ ಆರು, ಹುಟ್ಟಿದಾಗ ಗುಂಡಗೆ, ಪುಟ್ಟದಾಗಿ ಇದ್ದದ್ದರಿಂದ ಬಟಾಣಿ. ಲಾಯರಮ್ಮ ಕುತ್ತಿಗೆಯವರೆಗೆ ಜಿಪ್ಪು ಎಳೆದುಕೊಂಡು ದಪ್ಪ ಜಾಕೆಟ್ ಹಾಕಿದ್ದಳು. ಹೊರಗೆ ಬಿಸಿಲು ಚೆನ್ನಾಗಿತ್ತು.

"ಜಾಕೆಟ್ ಯಾಕೆ ಕಣೆ? ಬೇಯ್ತೀಯ."

"ಸಾಯಂಕಾಲ ಚಳಿ ಆಗುತ್ತೆ."

"ಸಾಯಂಕಾಲ ಹಾಕ್ಕೊಂಡ್ರಾಯ್ತು. ಈಗ ಕೈಲಿ ಹಿಡ್ಕೊ."

"ಕೈಲಿ ಹಿಡ್ಕೊಂಡ್ರೆ ಎಲ್ಲಾದ್ರೂ ಮರೆತು ಬರ್ತೀನಿ. ಆಮೇಲೆ ನೀನೇ ಬೈತೀಯ."

ಲಾಯರಮ್ಮನ ಹತ್ತಿರ ಗೆದ್ದವರಿಲ್ಲ. ಅಳಿಯ ಒಳಗಿನಿಂದ ಬಂದು ಅಜ್ಜಿಯ ಕೈಗೆ ಒಂದು ಚೀಲ ಕೊಟ್ಟ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರಿನ ಬಾಟಲಿ. ಅವನ ಗಡ್ಡ ಬೆಳೆದಿತ್ತು. ಅಜ್ಜಿಯ ಮುಖ ನೋಡದೆ, "ಹುಷಾರು ಅತ್ತೆ" ಎಂದ. ಹಿಂದೆ ಅರ್ಧ ತೆರೆದ ಕೋಣೆಯ ಬಾಗಿಲಿನಿಂದ ಮಡಚಿಟ್ಟ ಖಾಲಿ ಚೀಲಗಳ ಕಟ್ಟು ಕಾಣುತ್ತಿತ್ತು. ಲಾಯರಮ್ಮ ಅದನ್ನು ನೋಡಿ, ನೋಡದವಳ ಹಾಗೆ ಮೆಟ್ಟಿಲಿಳಿದಳು.

ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ಬಟಾಣಿ ಕಿಟಕಿಗೆ ಮೂಗು ಒತ್ತಿ ಕೂತು ಅಂಗಡಿ ಬೋರ್ಡುಗಳನ್ನು ಓದತೊಡಗಿದಳು. ಅವಳಿಗೆ ಓದು ಹೊಸದಾಗಿ ಬಂದಿತ್ತು. ಬಸ್ಸು ನಿಂತಲ್ಲೆಲ್ಲ ಒಂದೊಂದೇ ಅಕ್ಷರ ಕೂಡಿಸುವುದು, ಶಬ್ದ ಪೂರ್ತಿಯಾಗುವ ಹೊತ್ತಿಗೆ ಬಸ್ಸು ಹೊರಡುವುದು. "ಕ-ನ್ನ-ಡ-ಕ," ಎಂದು ಒಂದು ಕಡೆ ಓದಿ, "ಅಜ್ಜಿ, ಅವರು ಕನ್ನಡಕ ಅಂತ ಇಷ್ಟು ದೊಡ್ಡದಾಗಿ ಬರ್ದಿದಾರೆ. ಕಣ್ಣು ಕಾಣದವರಿಗೂ ಕಾಣ್ಲಿ ಅಂತಾನಾ?" ಎಂದಳು. ಹಿಂದಿನ ಸೀಟಿನವರು ನಕ್ಕರು. ಅಜ್ಜಿ ತುಟಿ ಅಗಲಿಸಿದಳು. ನಗಬೇಕಾದ ಜಾಗ ಯಾವುದು ಎನ್ನುವುದು ಅವಳಿಗೆ ತಿಳಿಯುತ್ತಿತ್ತು, ಅಲ್ಲಿ ತಪ್ಪದೆ ತುಟಿ ಅಗಲಿಸುತ್ತಿದ್ದಳು.

ಕೊನೆಯ ನಿಲ್ದಾಣದಲ್ಲಿ ಇಳಿದು ಕೆರೆಯ ಪಾರ್ಕಿನ ಕಡೆ ನಡೆದರು. ಬಟಾಣಿ ಕುಂಟತೊಡಗಿದಳು.

"ಏನಾಯ್ತೆ?"

"ಬೂಟು ಕಚ್ತಿದೆ."

"ಹೋದ ತಿಂಗಳು ತಂದ ಬೂಟು. ಆಗಲೇ ಚಿಕ್ಕದಾಯ್ತಾ? ಬಿಚ್ಚು, ನೋಡ್ತೀನಿ."

"ಬೇಡ," ಎಂದಳು ಲಾಯರಮ್ಮ ನಡುವೆ ಬಾಯಿ ಹಾಕಿ. "ಅವಳು ನಾಟಕ ಮಾಡ್ತಾಳೆ. ನಡಿಯೇ."

ಬಟಾಣಿ ಅಕ್ಕನ ಮುಖ ನೋಡಿ, ತುಟಿ ಕಚ್ಚಿ ನಡೆದಳು.

ಕೆರೆಯಲ್ಲಿ ಕಾಲಿನಿಂದ ತುಳಿಯುವ ದೋಣಿಗಳಿದ್ದವು, ಬಾತುಕೋಳಿಯ ಆಕಾರದವು. ಬಣ್ಣ ಸುಲಿದು, ಒಂದಕ್ಕೆ ಕೊಕ್ಕೇ ಇರಲಿಲ್ಲ. ಬಟಾಣಿ ಕೊಕ್ಕಿಲ್ಲದ್ದೇ ಬೇಕೆಂದಳು, ಅದನ್ನು ಯಾರೂ ಹತ್ತುವುದಿಲ್ಲವಲ್ಲ ಎಂದು. ದೋಣಿ ನೋಡಿಕೊಳ್ಳುವ ಮುದುಕ ಮೂವರಿಗೂ ತೇಲುವ ಕಿತ್ತಳೆ ಅಂಗಿ ತಂದ. ಅಜ್ಜಿಗೆ ಕಟ್ಟಿದ, ಬಟಾಣಿಗೆ ಕಟ್ಟಿದ. ಲಾಯರಮ್ಮನಿಗೆ ಬಂದಾಗ ಪಟ್ಟಿ ಮುಂದೆ ಕೂಡಲೇ ಇಲ್ಲ.

"ನೋಡೋಕೆ ಒಳ್ಳೆ ಕಡ್ಡಿ ಥರ ಇದೀಯಲ್ಲಮ್ಮ. ಹೊಟ್ಟೆಗೆ ಪಟ್ಟಿ ಯಾಕೆ ಸಾಲ್ತಿಲ್ಲ?" ಎಂದ ಮುದುಕ. "ಆ ಜಾಕೆಟ್ ತೆಗಿ."

"ತೆಗಿಯಲ್ಲ."

"ತೆಗೀದೆ ಇದ್ರೆ ದೋಣಿ ಇಲ್ಲ."

"ಜಾಕೆಟ್ ಹಾಕ್ಕೊಂಡೋರು ಹತ್ತಬಾರ್ದು ಅಂತ ಎಲ್ಲಿ ಬರ್ದಿದೆ? ತೋರ್ಸಿ."

ಮುದುಕ ಬೋರ್ಡಿನ ಕಡೆ ತಿರುಗಿ ನೋಡಿದ. ಬರೆದಿರಲಿಲ್ಲ. ಗೊಣಗುತ್ತ ಪಟ್ಟಿಯನ್ನು ಕೊನೆಯವರೆಗೆ ಸಡಿಲಿಸಿ, ಹೇಗೋ ಎಳೆದು ಕೂಡಿಸಿದ. ಆ ಎಳೆದಾಟದಲ್ಲಿ ಜಾಕೆಟ್ಟಿನ ಜಿಪ್ಪು ಸ್ವಲ್ಪ ಕೆಳಗೆ ಸರಿಯಿತು. ಒಳಗಿನಿಂದ ಒಂದು ನೀಲಿ ಕಾಲರು ಹೊರಬಂತು. ಅದರ ಅಂಚಿನಲ್ಲಿ ಹಳದಿ ದಾರದ ಹೊಲಿಗೆ. ಅಂಚೆಯವರ ಅಂಗಿಯ ಕಾಲರು. ಅಜ್ಜಿ ಅದನ್ನು ಎಷ್ಟೋ ಸಲ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟಿದ್ದಳು.

ಮೂವರೂ ಹತ್ತಿದರು. ಅಜ್ಜಿ ಮತ್ತು ಲಾಯರಮ್ಮ ತುಳಿದರು. ಬಟಾಣಿಯ ಕಾಲು ಎಟುಕುತ್ತಿರಲಿಲ್ಲ, ಅವಳು ನಡುವೆ ಕೂತು ಯಜಮಾನಿಯ ಹಾಗೆ ದಾರಿ ತೋರಿಸಿದಳು. ಕೆರೆಯ ನಡುವಿಗೆ ಬರುವ ಹೊತ್ತಿಗೆ ಅಜ್ಜಿಯ ಮಂಡಿ ಸೋತಿತು. ಲಾಯರಮ್ಮನ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ದೋಣಿ ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತ ನಿಂತಿತು.

"ಒಳಗೆ ಏನೇನು ಹಾಕ್ಕೊಂಡಿದೀಯ?" ಎಂದಳು ಅಜ್ಜಿ.

ಲಾಯರಮ್ಮ ನೀರು ನೋಡಿದಳು. ಉತ್ತರ ಕೊಟ್ಟದ್ದು ಬಟಾಣಿ. "ಅಮ್ಮಂದು. ಮೂರು ಹಾಕ್ಕೊಂಡಿದಾಳೆ. ಒಂದರ ಮೇಲೆ ಒಂದು." ಹೇಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬೆರಳ ಸಂದಿಯಿಂದ, "ನಾನು ಕಾಲುಚೀಲ," ಎಂದಳು.

ಅಜ್ಜಿ ಬಗ್ಗಿ ಬಟಾಣಿಯ ಬೂಟು ಬಿಚ್ಚಿದಳು. ಒಳಗೆ ದೊಡ್ಡವರ ಉಣ್ಣೆಯ ಕಾಲುಚೀಲ, ಬೆರಳಿನ ಕಡೆ ಎರಡು ಮಡಿಕೆ, ಹಿಂದೆ ಇನ್ನೊಂದು ಮಡಿಕೆ. ಮೇಲೆ ಎಳೆದರೆ ತೊಡೆಯವರೆಗೂ ಬರುವಷ್ಟು. ಮಡಿಕೆ ಒತ್ತಿ ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದಿತ್ತು.

"ಇವತ್ತು ಏನು ಮಾಡ್ತಾರೆ ಅಂತ ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅದೇ ಬೇಜಾರು," ಎಂದಳು ಲಾಯರಮ್ಮ. "ಅಪ್ಪ ಫೋನಲ್ಲಿ ದೊಡ್ಡತ್ತೆ ಹತ್ರ ಚೀಲ ಎಷ್ಟು ಬೇಕಾಗುತ್ತೆ ಅಂತ ಕೇಳ್ತಿದ್ರು. ನಾನು ಆಚೆ ಕೋಣೇಲಿ ಇದ್ದೆ. ನಿಂಗೂ ಗೊತ್ತಿತ್ತು ಅಲ್ವಾ ಅಜ್ಜಿ?"

"ಗೊತ್ತಿತ್ತು."

"ಬೇಡ ಅನ್ನಬೇಕಿತ್ತು."

ಬೇಡ ಎನ್ನಬಹುದಿತ್ತು ಎನ್ನುವುದೇ ಅಜ್ಜಿಗೆ ಹೊಳೆದಿರಲಿಲ್ಲ.

ಲಾಯರಮ್ಮ ಕಿತ್ತಳೆ ಅಂಗಿಯ ಪಟ್ಟಿಯನ್ನು ಬಿಚ್ಚುತ್ತ ಕಟ್ಟುತ್ತ ಹೇಳಿದಳು: "ನಿನ್ನೆ ಅಪ್ಪ ಸ್ನಾನಕ್ಕೆ ಹೋದಾಗ ಬೀರು ತೆಗೆದೆ. ಯಾವುದು ಇಟ್ಕೊಳ್ಳಲಿ ಅಂತ ಒಂದೊಂದೇ ಮೂಸಿ ನೋಡ್ದೆ. ಅಮ್ಮನ ವಾಸನೆ ಇರೋದು ಇಟ್ಕೊಳ್ಳೋಣ ಅಂತ. ಯಾವುದರಲ್ಲೂ ಇರ್ಲಿಲ್ಲ. ಎಲ್ಲದರಲ್ಲೂ ನಿನ್ನ ಸೋಪಿನ ವಾಸನೆ."

ದೋಣಿಯ ಅಡಿಗೆ ನೀರು ಬಡಿಯುತ್ತಿತ್ತು.

ಮಗಳನ್ನು ಮಣ್ಣಿಗಿಟ್ಟ ವಾರದಲ್ಲೇ ಅಜ್ಜಿ ಆ ಮನೆಗೆ ಹೋಗಿ ಮಗಳ ಬಟ್ಟೆಯನ್ನೆಲ್ಲ ತನ್ನ ಮನೆಗೆ ಹೊತ್ತು ತಂದಿದ್ದಳು. ಬಾಗಿಲ ಹಿಂದೆ ನೇತುಹಾಕಿದ್ದು, ಕುರ್ಚಿಯ ಬೆನ್ನಿಗಿದ್ದದ್ದು, ಒಗೆಯುವ ಬುಟ್ಟಿಯಲ್ಲಿದ್ದದ್ದು, ದಿಂಬಿನ ಕೆಳಗಿದ್ದ ರಾತ್ರಿಯ ಅಂಗಿ, ಒಂದೂ ಬಿಡದೆ. ನೆನೆಹಾಕಿ, ಕುದಿಸಿ, ಉಜ್ಜಿ, ಇಸ್ತ್ರಿ ಹಾಕಿ, ಗೀರು ಒಂದಿಷ್ಟೂ ಓರೆಯಾಗದ ಹಾಗೆ ಮಡಚಿ ಬೀರುವಿನಲ್ಲಿ ಜೋಡಿಸಿಟ್ಟು ಬಂದಿದ್ದಳು. ಬಟ್ಟೆಗೆ ಮಾಡಬೇಕಾದ್ದು ಅದೇ ಎಂದು ಅವಳ ಕೈಗೆ ಗೊತ್ತಿತ್ತು. ಅಳಿಯ ಬಾಗಿಲಲ್ಲಿ ನಿಂತು ನೋಡಿದ್ದ.

"ಯಾಕಜ್ಜಿ ಒಗ್ದೆ?"

"ಕೊಳೆಯಾಗಿತ್ತು," ಎಂದಳು ಅಜ್ಜಿ.

ತನ್ನ ಮಾತು ತನಗೇ ಕೇಳಿಸಿತು. ಇನ್ನೇನಾದರೂ ಹೇಳಬೇಕೆಂದು ಹುಡುಕಿದಳು. ಖಾಲಿ ಚೀಲದೊಳಗೆ ಕೈ ಹಾಕಿ ತಡಕಿದರೆ ಏನೂ ಸಿಗುವುದಿಲ್ಲವಲ್ಲ, ಹಾಗಿತ್ತು. ಲಾಯರಮ್ಮ ಜಗಳ ಮಾಡಬಹುದೆಂದು ಅಜ್ಜಿ ಕಾದಳು; ಅವಳು ಮಾಡಲಿಲ್ಲ. ದಡದಿಂದ ಮುದುಕ ಸೀಟಿ ಊದಿದ. ಹೊತ್ತು ಮುಗಿದಿತ್ತು. ಮತ್ತೆ ತುಳಿದರು.

ದಡಕ್ಕೆ ಬಂದ ಮೇಲೆ ಅಜ್ಜಿ ಇಬ್ಬರನ್ನೂ ಪಾರ್ಕಿನ ಶೌಚಾಲಯಕ್ಕೆ ಕರೆದೊಯ್ದು ಲಾಯರಮ್ಮನ ಮೈಮೇಲಿಂದ ಒಂದೊಂದೇ ತೆಗೆದಳು. ಮೊದಲು ಅಂಚೆಯ ಅಂಗಿ, ಅದರ ಕೆಳಗೆ ಹೂವಿನ ಚಿತ್ರದ ಒಂದು ಅಂಗಿ, ಅದರೊಳಗೆ, ಅವಳದೇ ತೆಳು ಅಂಗಿಯ ಮೇಲೆ, ಮೊಣಕೈ ಸವೆದ ಬೂದು ಸ್ವೆಟರು. ಮೂರೂ ಬೆವರಿನಿಂದ ತೊಯ್ದಿದ್ದವು. ಕೆಂಪಾದ ಮೈಯನ್ನು ಒದ್ದೆ ಕೈಯಿಂದ ಒರೆಸಿದಳು. ಬಟಾಣಿಯ ಹಿಮ್ಮಡಿಗೆ ಕರವಸ್ತ್ರ ಕಟ್ಟಿದಳು. ಬಟ್ಟೆಗಳನ್ನು ಮಡಚಿ ಚೀಲಕ್ಕೆ ಹಾಕುವಾಗ ಲಾಯರಮ್ಮ ಕೇಳಿದಳು:

"ಇವನ್ನೂ ಒಗೀತೀಯಾ?"

"ಇಲ್ಲ. ನಿಂಗೆ ಹೇಗೆ ಬೇಕೋ ಹಾಗೆ ಇಟ್ಕೊ."

ಮರದ ಕೆಳಗೆ ಕೂತು ಬ್ರೆಡ್ಡು, ಮೊಟ್ಟೆ ತಿಂದರು. ಮಕ್ಕಳು ಜಾರುಬಂಡೆಯ ಕಡೆ ಹೋದಾಗ ಅಜ್ಜಿ ಅಳಿಯನಿಗೆ ಫೋನು ಮಾಡಿದಳು.

"ಮಕ್ಕಳಿಗೆ ಎಲ್ಲ ಗೊತ್ತಿದೆಯಪ್ಪ," ಎಂದಳು. "ಮೈಮೇಲೆ ಹಾಕ್ಕೊಂಡು ಬಂದಿದಾವೆ. ಅಲ್ಲಿಗೇ ನಿಲ್ಲಿಸು."

"ಅರ್ಧ ಹೋಯ್ತು ಅತ್ತೆ. ಅಕ್ಕ ಒಂದು ಸಲ ತುಂಬ್ಕೊಂಡು ಹೋಗಿ ಕೊಟ್ಟು ಬಂದ್ಲು."

"ಉಳಿದದ್ದು ಇರ್ಲಿ. ಅವರಿಗೆ ಬೇಕಾದ್ದು ಅವರು ಆರಿಸ್ಕೊಳ್ಳಲಿ. ಮಿಕ್ಕಿದ್ದು ನನ್ನ ಮನೇಲಿ ಇರುತ್ತೆ."

"ನಾನೇನು ಬೇಕಂತ ಮಾಡಿದ್ದಲ್ಲ ಅತ್ತೆ." ಅವನ ದನಿ ಒಡೆಯಿತು. "ಆ ಬೀರು ಬಾಗಿಲು ಸರಿಯಾಗಿ ಕೂರಲ್ಲ. ಮಲಗಿರೋವಾಗ ತಾನಾಗೇ ತೆರ್ಕೊಳ್ಳುತ್ತೆ. ಊರಲ್ಲಿರೋ ಲಿಫ್ಟಿನ ಬಾಗಿಲೆಲ್ಲ ಸರಿ ಮಾಡ್ತೀನಿ, ಅದೊಂದಕ್ಕೆ ಕೈ ಹಾಕೋಕೆ ನನ್ನಿಂದ ಆಗ್ತಿಲ್ಲ. ಕಣ್ಣು ಬಿಟ್ರೆ ಅವಳ ಅಂಗಿಗಳು ಸಾಲಾಗಿ ಕಾಣುತ್ವೆ."

ಅವನು ಅಳತೊಡಗಿದ. ಅಜ್ಜಿ ಫೋನನ್ನು ಕಿವಿಗೆ ಹಿಡಿದೇ ಕೂತಳು. ಜಾರುಬಂಡೆಯ ಮೇಲಿಂದ ಬಟಾಣಿ ಕೈಬೀಸಿದಳು, ಇವಳೂ ಬೀಸಿದಳು. ಅವನ ಅಳು ಇಳಿದ ಮೇಲೆ, "ಊಟ ಮಾಡಿದ್ಯಾ?" ಎಂದಳು.

"ಇಲ್ಲ."

"ಮಾಡು."

"ಸಂಜೆವರೆಗೂ ಅಲ್ಲೇ ಇರಿ ಅತ್ತೆ. ಈಗ ನನ್ನ ಮುಖ ನೋಡಿದ್ರೆ ಮಕ್ಕಳು ಹೆದರ್ತಾರೆ."

ಹಾಗಾಗಿ ಅವರು ಸಂಜೆಯವರೆಗೆ ಉಳಿದರು. ಪಾರ್ಕು ಸುತ್ತಿದರು. ಐಸ್‌ಕ್ರೀಮ್ ತಿಂದರು. ಬಟಾಣಿ ಕಾಲು ನೋವೆಂದಾಗ ಅಜ್ಜಿ ಅವಳನ್ನು ಸೊಂಟಕ್ಕೇರಿಸಿಕೊಂಡಳು. ಅವಳು ಭಾರವಾಗಿದ್ದಳು, ಸ್ವಲ್ಪ ದೂರ ಹೋಗಿ ಇಳಿಸಿದಳು. ಬಿಸಿಲು ಇಳಿದ ಮೇಲೆ ಕಾವಲಿನವನು ಗೇಟು ಹಾಕುತ್ತೇವೆಂದು ಎಲ್ಲರನ್ನೂ ಹೊರಡಿಸಿದ. ಬಸ್ ನಿಲ್ದಾಣದ ಎದುರಿಗೆ ಒಂದು ಸಣ್ಣ ಚರ್ಚು ಇತ್ತು. ಬಾಗಿಲು ತೆರೆದು ಒಳಗೆ ದೀಪ ಹಾಕಿದ್ದರು. ಒಬ್ಬಿಬ್ಬರು ಒಳಗೆ ಹೋಗುತ್ತಿದ್ದರು.

"ಅಲ್ಲಿ ಕೂರೋಣ," ಎಂದಳು ಲಾಯರಮ್ಮ. "ಅಲ್ಲಿಂದ ಯಾರೂ ಎಬ್ಬಿಸಲ್ಲ."

ಅಜ್ಜಿ ಮೆಟ್ಟಿಲ ಕೆಳಗೆ ನಿಂತಳು. ಇದು ಅವರ ಚರ್ಚಲ್ಲ. ಇಲ್ಲಿ ಯಾರಿಗೂ ಅವಳ ಗುರುತಿಲ್ಲ, ಹೇಗಿದ್ದೀರಿ ಎಂದು ಕೈ ಹಿಡಿದು ಕಣ್ಣಲ್ಲಿ ಕಣ್ಣಿಡುವವರಿಲ್ಲ. ಹೋಗಬಾರದು ಎನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ. ಬಟಾಣಿ ಆಗಲೇ ಒಳಗೆ ಕಾಲಿಟ್ಟಿದ್ದಳು.

ಹಿಂದಿನಿಂದ ಮೂರನೇ ಬೆಂಚಿನಲ್ಲಿ ಕೂತರು. ಇಡೀ ಚರ್ಚಿನಲ್ಲಿ ಇಪ್ಪತ್ತು ಜನ ಇದ್ದಿರಬಹುದು, ಹೆಚ್ಚಿನವರು ವಯಸ್ಸಾದವರು. ಪಾದ್ರಿ ಒಬ್ಬ ಹೆಂಗಸು. ಗಿಡ್ಡ, ಶೀತವಾಗಿ ಗಂಟಲು ಕಟ್ಟಿತ್ತು. ಪ್ರಾರ್ಥನೆಯ ನಡುವೆ ತಿರುಗಿ ಕೆಮ್ಮಿ, ಕ್ಷಮಿಸಿ ಎಂದು ಮುಂದುವರಿಸುತ್ತಿದ್ದರು. ಆರ್ಗನ್ ನುಡಿಸುವ ಅಜ್ಜ ಹಾಡುವವರಿಗಿಂತ ಒಂದು ಹೆಜ್ಜೆ ಹಿಂದೆ ಬೀಳುತ್ತಿದ್ದ. ಹಾಡು ಅಜ್ಜಿಗೆ ಗೊತ್ತಿದ್ದದ್ದೇ. ಪುಸ್ತಕ ತೆರೆದು ಹಿಡಿದಳು, ಬಾಯಿ ತೆರೆಯಲಿಲ್ಲ. ಲಾಯರಮ್ಮ ಮಾತ್ರ ಯಾರ ಹಂಗೂ ಇಲ್ಲದೆ ಎತ್ತರದ ದನಿಯಲ್ಲಿ ಹಾಡಿದಳು. ಅವಳಿಗೆ ರಾಗ ಹತ್ತಿರ ಸುಳಿಯುತ್ತಿರಲಿಲ್ಲ. ಅವರಮ್ಮನೂ ಹಾಗೇ ಹಾಡುತ್ತಿದ್ದಳು. ಮುಂದಿನ ಸಾಲಿನವರು ತಿರುಗಿ ನೋಡುವ ಹಾಗೆ. ಇಲ್ಲಿಯೂ ಮುಂದಿನ ಸಾಲಿನವರೊಬ್ಬರು ತಿರುಗಿ ನೋಡಿದರು.

ಪ್ರವಚನ ಶುರುವಾಗುವ ಹೊತ್ತಿಗೆ ಬಟಾಣಿ ಅಜ್ಜಿಯ ಮಡಿಲಿಗೆ ಏರಿ ನಿದ್ದೆ ಹೋದಳು. ಪಾದ್ರಿಯಮ್ಮ ಕಟ್ಟಿದ ಗಂಟಲಿನಲ್ಲೇ ಏನೋ ಹೇಳುತ್ತಿದ್ದರು. ಕಾಯುವುದರ ಬಗ್ಗೆ ಇರಬೇಕು; ಆ ಮಾತು ಮತ್ತೆ ಮತ್ತೆ ಬರುತ್ತಿತ್ತು. ಅಜ್ಜಿಗೆ ಶಬ್ದಗಳು ಕೇಳುತ್ತಿದ್ದವು, ಒಂದಕ್ಕೊಂದು ಕೂಡುತ್ತಿರಲಿಲ್ಲ. ಪ್ರವಚನದ ನಂತರ ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದು ಸಮಾಧಾನ ಕೋರಿದರು. ಬೇಕರಿಯವನ ಹಾಗೆ ತೋಳಿನವರೆಗೂ ಹಿಟ್ಟು ಮೆತ್ತಿಕೊಂಡಿದ್ದ ಒಬ್ಬ ದಪ್ಪನೆಯ ಮನುಷ್ಯ ಕೆಲಸದಿಂದ ನೇರ ಬಂದಿದ್ದ. ಅವನು ಹಿಂದಿನ ಬೆಂಚಿನಿಂದ ಬಗ್ಗಿ, "ಸಮಾಧಾನ ಇರಲಿ ತಾಯಿ" ಎಂದು ಅಜ್ಜಿಯ ಕೈ ಹಿಡಿದ. "ನಿಮಗೂ" ಎಂದಳು. ಅವನ ಕೈ ಬೆಚ್ಚಗಿತ್ತೋ ತಣ್ಣಗಿತ್ತೋ ಅವಳ ಬೆರಳಿಗೆ ತಿಳಿಯಲಿಲ್ಲ.

ಮತ್ತೆ ಪ್ರಾರ್ಥನೆ. ಎಲ್ಲರೂ ತಲೆ ಬಗ್ಗಿಸಿದ್ದರು. ಆಗ ಅಜ್ಜಿಯ ತೊಡೆ ಬಿಸಿಯಾಯಿತು.

ಮೊದಲು ಏನೆಂದು ಗೊತ್ತಾಗಲಿಲ್ಲ. ಬಿಸಿ ಹರಡಿತು, ಬಟ್ಟೆ ದಾಟಿ ಮೈಗೆ ಹತ್ತಿತು, ಮಂಡಿಯ ಕಡೆ ಇಳಿಯಿತು. ಬಟಾಣಿ ನಿದ್ದೆಯಲ್ಲಿ ನಿಟ್ಟುಸಿರು ಬಿಟ್ಟು ಇನ್ನಷ್ಟು ಒರಗಿದಳು. ಅಮ್ಮ ಹೋದ ಮೇಲೆ ಅವಳು ಹಾಸಿಗೆ ಒದ್ದೆ ಮಾಡುತ್ತಿದ್ದಾಳೆಂದು ಅಳಿಯ ಹೇಳಿದ್ದ. ಅಜ್ಜಿ ಮರೆತಿದ್ದಳು. ಎಬ್ಬಿಸಬೇಕಿತ್ತು, ಎದ್ದು ಹೊರಗೆ ಹೋಗಬೇಕಿತ್ತು. ಅಜ್ಜಿ ಅಲ್ಲಾಡಲಿಲ್ಲ. ಆ ಬಿಸಿ ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಬಹಳ ದಿನಗಳ ಮೇಲೆ ಏನೋ ಒಂದು ಅವಳಿಗೆ ಅಷ್ಟು ಸ್ಪಷ್ಟವಾಗಿ ತಿಳಿದಿತ್ತು. ಸುಖವೂ ಅಲ್ಲ, ದುಃಖವೂ ಅಲ್ಲ, ಬಿಸಿ ಅಷ್ಟೇ. ಅದು ಆರಿ ತಣ್ಣಗಾಗುವವರೆಗೂ ಅವಳು ಅದನ್ನೇ ಗಮನಿಸುತ್ತ ಕೂತಳು. ಆಮೇಲೆ ತಣ್ಣಗಾದದ್ದೂ ತಿಳಿಯಿತು.

ಕೊನೆಯ ಹಾಡಿಗೆ ಎಲ್ಲರೂ ಎದ್ದು ನಿಂತರು. ಅಜ್ಜಿ ಏಳಲಿಲ್ಲ. ಲಾಯರಮ್ಮ ಯಾಕೆ ಎಂದು ಬಗ್ಗಿ ನೋಡಿದಳು. ಬೆಂಚಿನ ಅಂಚಿನಿಂದ ಹನಿ ಬೀಳುವುದು ಕಂಡಿತು. ಅವಳು ಏನೂ ಕೇಳಲಿಲ್ಲ, ವಾದ ಮಾಡಲಿಲ್ಲ. ಜಾಕೆಟ್ಟಿನ ಜಿಪ್ಪು ಪೂರ್ತಿ ಬಿಚ್ಚಿ, ಎರಡೂ ಬದಿಯನ್ನು ರೆಕ್ಕೆಯ ಹಾಗೆ ಅಗಲಿಸಿ ಹಿಡಿದು, ಬೆಂಚಿನ ಕೊನೆಗೆ, ಜನ ಓಡಾಡುವ ದಾರಿಯ ಕಡೆ ಅಡ್ಡ ನಿಂತಳು. ನಿಂತು ಇನ್ನೂ ಜೋರಾಗಿ ಹಾಡಿದಳು, ಜನ ನೋಡುವುದಾದರೆ ತನ್ನನ್ನೇ ನೋಡಲಿ ಎನ್ನುವ ಹಾಗೆ. ಹಾಡು ಮುಗಿದು ಹೊರಟ ಜನ ಅವಳನ್ನೇ ನೋಡುತ್ತ, ನಸುನಗುತ್ತ ದಾಟಿ ಹೋದರು.

ಚರ್ಚು ಖಾಲಿಯಾದ ಮೇಲೆ ಪಾದ್ರಿಯಮ್ಮ ಹತ್ತಿರ ಬಂದರು. "ಏನಮ್ಮ, ಮೈ ಹುಷಾರಿಲ್ವಾ?"

"ಮಗು ನಿದ್ದೇಲಿ ಒದ್ದೆ ಮಾಡ್ಕೊಂಡಿದೆ," ಎಂದಳು ಅಜ್ಜಿ. "ಒಂದು ಬಟ್ಟೆ, ಒಂದು ಬಕೆಟ್ ನೀರು ಇದ್ರೆ ಕೊಡಿ."

"ಇರ್ಲಿ ಬಿಡಿ, ನಾನು ಒರಸ್ತೀನಿ."

"ಬೇಡ. ನಂಗೆ ಕೊಡಿ."

ಪಾದ್ರಿಯಮ್ಮ ಬಕೆಟ್ ತಂದುಕೊಟ್ಟರು. ಎಚ್ಚರವಾದ ಬಟಾಣಿ ನಾಚಿಕೆಯಿಂದ ಮುಖ ಮುಚ್ಚಿಕೊಂಡು ಅಕ್ಕನ ಹಿಂದೆ ನಿಂತಳು. ಅಜ್ಜಿ ಮಂಡಿಯೂರಿ ಬೆಂಚು ಒರೆಸಿದಳು, ನೆಲ ಒರೆಸಿದಳು, ಬಟ್ಟೆ ಹಿಂಡಿ ಮತ್ತೊಮ್ಮೆ ಒರೆಸಿದಳು. ಪಾದ್ರಿಯಮ್ಮ ಮುಂದಿನ ಬೆಂಚಿಗೆ ಒರಗಿ ಮೂಗು ಒರೆಸಿಕೊಳ್ಳುತ್ತ ಕಾದರು.

"ಮಕ್ಕಳ ತಾಯಿ?" ಎಂದು ಕೇಳಿದರು.

"ತೀರ್ಕೊಂಡ್ಳು. ನನ್ನ ಮಗಳು."

ಹೊರಗಿನವರಿಗೆ ಅಜ್ಜಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಕೇಳಬೇಕಾದವರಿಗೆಲ್ಲ ಮೊದಲೇ ಗೊತ್ತಿತ್ತು, ಹೇಳುವ ಸಂದರ್ಭ ಬಂದಿರಲಿಲ್ಲ. ಹೇಳಿದ ಮೇಲೆ ಮಾತು ಅಲ್ಲೇ ಚರ್ಚಿನ ನಡುವೆ ನಿಂತ ಹಾಗಾಯಿತು. ಪಾದ್ರಿಯಮ್ಮ ದೇವರ ಚಿತ್ತ ಎನ್ನಲಿಲ್ಲ, ಒಳ್ಳೆಯ ಕಡೆ ಇದ್ದಾಳೆ ಎನ್ನಲಿಲ್ಲ. "ಯಾವಾಗ?" ಎಂದಷ್ಟೇ ಕೇಳಿದರು. ಅಜ್ಜಿ ಹೇಳಿದಳು. ಅವರು ತಲೆಯಾಡಿಸಿ, ಬಕೆಟ್ ಎತ್ತಿಕೊಂಡು ಹೋಗಿ ನೀರು ಚೆಲ್ಲಿ ಬಂದರು.

"ಬರೋ ವಾರನೂ ಆರು ಗಂಟೆಗೇ ಇರುತ್ತೆ," ಎಂದರು ಬಾಗಿಲಲ್ಲಿ. "ಬರ್ಲೇಬೇಕು ಅಂತೇನಿಲ್ಲ."

"ಆರ್ಗನ್ ತಾತ ಯಾಕೆ ಅಷ್ಟು ನಿಧಾನ?" ಎಂದಳು ಲಾಯರಮ್ಮ.

"ಅವರಿಗೆ ಕಿವಿ ಕೇಳಲ್ಲ."

"ಹಾಗಾದ್ರೆ ನಾನು ಇನ್ನೂ ಜೋರಾಗಿ ಹಾಡ್ಬೇಕು," ಎಂದು ಅವಳು ತೀರ್ಮಾನ ಕೊಟ್ಟಳು. ಪಾದ್ರಿಯಮ್ಮ ನಕ್ಕು, ನಗುವಿನಿಂದ ಕೆಮ್ಮು ಬಂದು, ಒಳಗಿನ ದೀಪಗಳನ್ನು ಆರಿಸಲು ಹೋದರು.

ಹೊರಗೆ ಗಾಳಿ ಎದ್ದಿತ್ತು. ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂರುವ ಹಾಗಿರಲಿಲ್ಲ, ಅಜ್ಜಿ ಮತ್ತು ಬಟಾಣಿ ಇಬ್ಬರ ಬಟ್ಟೆಯೂ ಒದ್ದೆ. ಒದ್ದೆ ಬಟ್ಟೆಗೆ ಗಾಳಿ ಬಡಿದು ಅಜ್ಜಿಯ ಕಾಲು ಮರಗಟ್ಟತೊಡಗಿತು. ಅವಳ ಹಲ್ಲುಗಳು ಕಟಕಟಿಸಿದವು.

"ಅಳ್ತಿದೀಯಾ ಅಜ್ಜಿ?" ಎಂದಳು ಬಟಾಣಿ.

"ಇಲ್ಲ ಕಣೆ. ಚಳಿ."

"ನಂಗೂ ಚಳಿ."

"ಬಾ, ಹತ್ರ ನಿಂತ್ಕೊ."

ಬಸ್ಸು ಬರಲು ಇನ್ನೂ ಹೊತ್ತಿತ್ತು. ಮೂವರೂ ಒತ್ತಾಗಿ ನಿಂತು ರಸ್ತೆಯ ಆ ತುದಿಯನ್ನೇ ನೋಡುತ್ತಿದ್ದರು.